ಪಾಳಿಪಟ್ಟಿಯ ಪೂರ್ವಕಥೆ

ಮೊನ್ನೆ ಮೊಮ್ಮಗ ರಜೆಗೆಂದು ಬಂದವನು ರಜೆಯಲ್ಲೂ ಕೆಲಸ ಹಿಡಿದು ಕುಳಿತಿದ್ದ. ಅಂತರಜಾಲದ ಸೇವೆಯೊಂದರಲ್ಲಿರುವ ದಾದಿಯರ ಪಾಳಿಪಟ್ಟಿಯನ್ನು ತರಿಸಿ ಅವರವರ ಮೊಬೈಲಿಗೆ ತಲುಪಿಸುವ ಕೆಲಸವಂತೆ. ಇಡೀ ಸಂಜೆ ಬರೆದದ್ದು ಹತ್ತು ಹನ್ನೆರಡು ಸಾಲು. "ಇಷ್ಟೇ ಏನೋ?" ಎಂದರೆ, "ಉಳಿದದ್ದೆಲ್ಲ ಲೈಬ್ರರಿಯಲ್ಲಿದೆ ತಾತ" ಎಂದ. ಸೇವೆಯ ಬಾಗಿಲು ತಟ್ಟುವುದು, ತನ್ನ ಗುರುತು ತೋರಿಸುವುದು, ಬಂದ ಉತ್ತರವನ್ನು ಬಿಡಿಸಿಕೊಳ್ಳುವುದು, ಇವಕ್ಕೆಲ್ಲ ಬೇಕಾದ ಸೂಚನೆಗಳನ್ನು ಬೇರೆ ಯಾರೋ ಮೊದಲೇ ಬರೆದಿಟ್ಟಿರುತ್ತಾರಂತೆ.

ಆ ಹೆಸರು ಬರಿಯ ಉಪಮೆಯಲ್ಲ. 1949ರ ಮೇ 6ರಂದು ಕೇಂಬ್ರಿಜ್‌ನ ಗಣಿತ ಪ್ರಯೋಗಾಲಯದಲ್ಲಿ ಎಡ್‌ಸ್ಯಾಕ್ ಎಂಬ ಗಣಕವು ವರ್ಗಸಂಖ್ಯೆಗಳ ಕೋಷ್ಟಕವನ್ನು ಅಚ್ಚಿಸಿತು. ಅದನ್ನು ಕಟ್ಟಿಸಿದ ಮಾರಿಸ್ ವಿಲ್ಕ್ಸ್ ಅವರಿಗೆ ಬಹುಬೇಗ ಒಂದು ಸತ್ಯ ಹೊಳೆಯಿತು: ತಮ್ಮ ಉಳಿದ ಆಯುಷ್ಯದ ದೊಡ್ಡ ಪಾಲು ತಾವೇ ಬರೆದ ಸೂಚನೆಗಳಲ್ಲಿ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ! (ಉತ್ತರಪತ್ರಿಕೆ ತಿದ್ದಿದವರಿಗೆ ಈ ಸಂಕಟ ಹೊಸದಲ್ಲ.) ಅದಕ್ಕೆ ಪರಿಹಾರವಾಗಿ, ಒಮ್ಮೆ ಬರೆದು ಪರೀಕ್ಷಿಸಿದ ಸೂಚನೆಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಕಾಪಿಟ್ಟರು. ಪಟ್ಟಿಗಳೆಲ್ಲ ಒಂದು ಉಕ್ಕಿನ ಬೀರುವಿನಲ್ಲಿ. ಬೇಕಾದವರು ಅಲ್ಲಿಂದ ತೆಗೆದು, ಯಂತ್ರದ ನೆರವಿನಿಂದ ತಮ್ಮ ಪಟ್ಟಿಗೆ ನಕಲು ಮಾಡಿಕೊಳ್ಳಬೇಕು. 1951ರ ವೇಳೆಗೆ ಅಲ್ಲಿ 87 ಉಪಕ್ರಮಗಳಿದ್ದವು. ಆ ವರ್ಷವೇ ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ ಅದರ ವಿವರಗಳನ್ನು ಪುಸ್ತಕವಾಗಿಸಿದರು.

ಎಡ್‌ಸ್ಯಾಕ್‌ಗೆ ಹಣ ಕೊಟ್ಟವರಲ್ಲಿ ಲಯನ್ಸ್ ಎಂಬ ಚಹಾ ಅಂಗಡಿಗಳ ಕಂಪನಿಯೂ ಒಂದೆಂದರೆ ನಂಬುವಿರಾ? ಅದೇ ಮಾದರಿಯಲ್ಲಿ ಆ ಕಂಪನಿ ಕಟ್ಟಿಕೊಂಡ ಲಿಯೋ ಗಣಕವು 1954ರಿಂದ ನೌಕರರ ಸಂಬಳದ ಲೆಕ್ಕ ಹಾಕತೊಡಗಿತು.

ಸಂಬಳದ ಲೆಕ್ಕ ಸುಲಭ, ಪಾಳಿಯದು ಹಾಗಲ್ಲ. ಅದೇ 1954ರಲ್ಲಿ ನ್ಯೂಯಾರ್ಕಿನ ಬಂದರು ಪ್ರಾಧಿಕಾರದ ಲೆಸ್ಲಿ ಈಡಿ ಎಂಬವರು, ಸೇತುವೆ ಮತ್ತು ಸುರಂಗಗಳ ಸುಂಕದ ಕಟ್ಟೆಗಳಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಬೇಕು, ಅವರಿಗೆ ವಿರಾಮ ಯಾವಾಗ ಎಂಬುದನ್ನು ಕುರಿತು ಪ್ರಬಂಧ ಬರೆದರು. ಅದನ್ನೋದಿದ ಜಾರ್ಜ್ ಡ್ಯಾಂಟ್ಜಿಗ್ ಒಂದು ಟಿಪ್ಪಣಿ ಬರೆದು, ಇದನ್ನು ಬೀಜಗಣಿತದ ಅಸಮತೆಗಳಾಗಿ ನಿರೂಪಿಸಬಹುದೆಂದು ತೋರಿಸಿದರು. ಒಂದೊಂದು ಬಗೆಯ ಪಾಳಿಗೆ ಎಷ್ಟು ಜನರೆಂಬುದು ಅವ್ಯಕ್ತ ಸಂಖ್ಯೆ. ಪ್ರತಿ ಗಳಿಗೆಯಲ್ಲೂ ದುಡಿಯುತ್ತಿರುವವರ ಮೊತ್ತ ಅಗತ್ಯಕ್ಕಿಂತ ಕಡಿಮೆಯಾಗಕೂಡದು. ಒಟ್ಟು ಜನ ಮಾತ್ರ ಆದಷ್ಟು ಕಡಿಮೆಯಿರಬೇಕು. ಪಾಳಿಗಣಿತದ ಬುನಾದಿ ಇಂದಿಗೂ ಇದೇ.

ನಮ್ಮ ಶಾಲೆಯ ವೇಳಾಪಟ್ಟಿಯೂ ಇದರ ದಾಯಾದಿಯೇ. 1976ರಲ್ಲಿ ಈವನ್, ಇಟಾಯ್, ಶಮೀರ್ ಎಂಬ ಮೂವರು ಇಸ್ರೇಲಿ ವಿದ್ವಾಂಸರು ಒಂದು ಸಂಗತಿಯನ್ನು ಸಾಧಿಸಿ ತೋರಿಸಿದರು. ಇಂಥ ಶಿಕ್ಷಕರು ಇಂತಿಂಥ ಅವಧಿಗೆ ಮಾತ್ರ ಬರಬಲ್ಲರು ಎಂಬ ನಿರ್ಬಂಧ ಸೇರಿತೆಂದರೆ ವೇಳಾಪಟ್ಟಿಯು ಗಣಕಗಳಿಗೂ ಅತಿ ಕಠಿಣವಾದ ಸಮಸ್ಯೆಗಳ ಸಾಲಿಗೆ ಸೇರುತ್ತದೆ.

ಆ ನಿರ್ಬಂಧವನ್ನು ನಾನು ಬಹಳ ವರ್ಷ ಕೇಳಿಯೇ ಇರಲಿಲ್ಲ. ಪ್ರತಿ ಜೂನ್‌ನಲ್ಲಿ ವೇಳಾಪಟ್ಟಿ ನನ್ನ ಪಾಲಿನ ಕೆಲಸವಾಗಿತ್ತು. ಒಂದು ವರ್ಷ ಹೊಸದಾಗಿ ಬಂದ ಸಹೋದ್ಯೋಗಿ ಒಬ್ಬರಿಗೆ ವಾರದ ಆರು ದಿನವೂ ಮೊದಲ ಅವಧಿಯನ್ನೇ ಹಾಕಿದ್ದೆ. ಹಾಗೆ ಹಾಕಿದರೆ ಪಟ್ಟಿ ಸಲೀಸಾಗಿ ಕೂಡಿಬರುತ್ತಿತ್ತು. ಅವರ ಊರಿನ ಬಸ್ಸು ಬರುತ್ತಿದ್ದದ್ದೇ ಪ್ರಾರ್ಥನೆ ಮುಗಿದ ಮೇಲೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿ ಬೀಳುತ್ತಲೇ ಇತ್ತು. ಅವರು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಬಸ್ಸಿನ ವಿಷಯ ನನಗೆ ತಿಳಿದದ್ದು ಮಾರ್ಚ್‌ನಲ್ಲಿ, ಅದೂ ಜವಾನನ ಬಾಯಿಂದ. ಮರುವರ್ಷದ ಪಟ್ಟಿಗೆ ಎಂಟು ರಾತ್ರಿ ಹಿಡಿಯಿತು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಇದನ್ನು ಹೇಳಿದಾಗ ಮೊಮ್ಮಗ ಪರದೆಯಲ್ಲಿ ಒಂದು ಖಾಲಿ ಅಂಕಣ ತೋರಿಸಿದ. ಯಾವ ಹೊತ್ತು ಬರಲಾಗದೆಂದು ದಾದಿಯರೇ ತುಂಬುವ ಜಾಗವದು. "ಎಲ್ಲರೂ ತುಂಬುತ್ತಾರೆಯೇ?" ಎಂದು ಕೇಳಿದೆ. ಹೊಸಬರು ಸಾಮಾನ್ಯವಾಗಿ ಖಾಲಿ ಬಿಡುತ್ತಾರೆ ಎಂದ.