ಕುಂತಿಬೆಟ್ಟದಲ್ಲಿ ಘಟೋತ್ಕಚನ ಎಲುಬು ಸಿಗುತ್ತಾ?

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ಫೋಟೊ ಬಂತು. ಅಗೆದ ಗುಂಡಿಯಲ್ಲಿ ದೈತ್ಯ ಅಸ್ಥಿಪಂಜರ, ಕೆಳಗೆ ‘ಘಟೋತ್ಕಚ’ ಅಂತ ಬರಹ. ಪಾಂಡವಪುರದ ನಮ್ಮ ಮಾವ ಫೋನ್ ಮಾಡಿ, “ನಮ್ಮ ಕುಂತಿಬೆಟ್ಟದಲ್ಲೂ ಅಗುದ್ರೆ ಸಿಕ್ತದೆ ಕಣಪ್ಪ” ಅಂದ್ರು. ಪಾಂಡವರು ವನವಾಸದಲ್ಲಿ ಅಲ್ಲಿದ್ದರು ಅನ್ನೋ ಕಥೆ ಕೇಳಿಕೊಂಡೇ ಬೆಳೆದವರು ನಾವು. ಫೋಟೊ ಸುಳ್ಳು ಅಂತ ನನಗೆ ಗೊತ್ತಿತ್ತು. ಆದರೆ ಯಾಕೆ ಅಂತ ವಿವರಿಸೋಕೆ ಬಿ.ಕಾಂ ಓದಿದ ನನ್ನ ಹತ್ತಿರ ಪದಗಳೇ ಇರಲಿಲ್ಲ. ಹುಡುಕಿದೆ. ಮೂರು ಪದ ಸಾಕು.

ಒಂದು, ಪಳೆಯುಳಿಕೆ. ಹಳೆಯ ಜೀವಿಯ ಉಳಿಕೆ. ನಮ್ಮ ಲೆಕ್ಕದ ಭಾಷೆಯಲ್ಲಿ ಬ್ಯಾಲೆನ್ಸ್. ಸತ್ತ ಪ್ರಾಣಿ ಕೆಸರಲ್ಲೋ ಮರಳಲ್ಲೋ ಬೇಗ ಹೂತುಹೋದರೆ ಮಾತ್ರ ಆ ಬ್ಯಾಲೆನ್ಸ್ ಉಳಿಯುತ್ತೆ.

ಎರಡು, ಪದರು ಶಿಲೆ. ಆ ಕೆಸರು, ಮರಳು ಒಂದರ ಮೇಲೊಂದು ಕೂತು ಗಟ್ಟಿಯಾದ ಕಲ್ಲು. ಎಲುಬು ಹುಡುಕೋರು ಮೊದಲು ನೋಡೋದು ಇದನ್ನ.

ಮೂರು, ನೈಸ್. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ನಮ್ಮ ಕಾಲ ಕೆಳಗೆ ಹೆಚ್ಚಾಗಿ ಇರೋದು ಇದೇ, ಕಪ್ಪು-ಬಿಳಿ ಪಟ್ಟೆಯ ಕಲ್ಲು. ಭೂಮಿಯ ಒಳಗಿನ ಶಾಖ, ಒತ್ತಡದಲ್ಲಿ ಬೆಂದು ರೂಪ ಬದಲಿಸಿದ್ದು. ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲು ದೇವಸ್ಥಾನದ ಬಳಪದ ಕಲ್ಲು ಕೂಡ ಹೀಗೆ ರೂಪಾಂತರ ಆದದ್ದೇ. ನೈಸ್‌ನ ವಯಸ್ಸು ಸುಮಾರು 300 ಕೋಟಿ ವರ್ಷ. ಎಲುಬಿರುವ ಪ್ರಾಣಿಗಳು ಭೂಮಿಗೆ ಬಂದು 50 ಕೋಟಿ ವರ್ಷದ ಆಸುಪಾಸು. ಎಲುಬೇ ಹುಟ್ಟದ ಕಾಲದ ಕಲ್ಲಲ್ಲಿ ಎಲುಬು ಎಲ್ಲಿಂದ ಬರಬೇಕು?

ಹಾಗಂತ ಕರ್ನಾಟಕದಲ್ಲಿ ಸಿಕ್ಕೇ ಇಲ್ಲ ಅಂತಲ್ಲ. ರಾಬರ್ಟ್ ಬ್ರೂಸ್ ಫೂಟ್ ಗೋಕಾಕ್ ಹತ್ತಿರ ಹಳ್ಳದ ದಂಡೆಯ ಮಣ್ಣಲ್ಲಿ ಖಡ್ಗಮೃಗದ ಪಳೆಯುಳಿಕೆ ಕಂಡು, 1874ರಲ್ಲಿ ಅದರ ಬಗ್ಗೆ ಬರೆದರು. ಮುಂದೆ 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು. ಅಂದ್ರೆ ನಮ್ಮ ಕಡೆಯೂ ಹುಡುಕೋದಾದ್ರೆ ಬಂಡೆಯಲ್ಲಲ್ಲ, ಕಾವೇರಿಯ ಮೆಕ್ಕಲು ಮಣ್ಣಲ್ಲಿ.

ಆ ಫೋಟೊ? 2000ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ ಒಂದು ಕೊಳದ ಕೆಸರಿಂದ ಆನೆಯಂಥ ಮಾಸ್ಟೊಡಾನ್ ಎಲುಬು ತೆಗೆದಾಗಿನದು. 2002ರಲ್ಲಿ ಫೋಟೊ ಎಡಿಟಿಂಗ್ ಸ್ಪರ್ಧೆಗಾಗಿ ಯಾರೋ ಅದಕ್ಕೆ ಮನುಷ್ಯನ ಅಸ್ಥಿಪಂಜರ ಅಂಟಿಸಿದ್ರು.

ಇಷ್ಟನ್ನೂ ಮಾವಂಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಮ್ಮ ಕಲ್ಲು ಪಾಂಡವ್ರಿಗಿಂತ ಹಳೇದು ಅನ್ನು” ಅಂದ್ರು. ಈಗ ಗ್ರೂಪಲ್ಲಿ ಅದನ್ನೇ ಫಾರ್ವರ್ಡ್ ಮಾಡ್ತಿದ್ದಾರೆ!