ಬಾಣಂತಿಯ ರಕ್ತಸ್ರಾವ: ಬೆಳಗಾವಿಯ ಮಾತ್ರೆ, ಅಳತೆಯ ಹಾಳೆ

ಹೆರಿಗೆಯ ನಂತರ ಬಾಣಂತಿಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವವೆಂದು ವೈದ್ಯಶಾಸ್ತ್ರ ಬಹುಕಾಲದಿಂದ ಗುರುತಿಸುತ್ತ ಬಂದಿದೆ. 1000 ಮಿ.ಲೀ. ಮುಟ್ಟಿದರೆ ಅದು ತೀವ್ರ ಸ್ವರೂಪದ್ದು. ಜಗತ್ತಿನಾದ್ಯಂತ ತಾಯಂದಿರ ಸಾವಿನ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಇದನ್ನು ತಡೆಯುವ ಸಂಶೋಧನೆಯ ಚರಿತ್ರೆಯಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ಮಹತ್ವದ ಸ್ಥಾನವಿದೆ ಎಂಬುದು ಕನ್ನಡಿಗರಲ್ಲೇ ಅನೇಕರಿಗೆ ತಿಳಿದಿರಲಾರದು.

ಮಾಸು ಬಿದ್ದ ಬಳಿಕ ಗರ್ಭಕೋಶ ಬಿಗಿಯಾಗಿ ಸಂಕುಚಿತಗೊಂಡು ತೆರೆದ ರಕ್ತನಾಳಗಳನ್ನು ತಾನೇ ಅದುಮಿ ಮುಚ್ಚುತ್ತದೆ. ಈ ಸಂಕೋಚನ ಸಾಲದೇ ಹೋದಾಗ ರಕ್ತ ನಿಲ್ಲುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುವುದರಿಂದ ಚಿಕಿತ್ಸೆಗೆ ದೊರೆಯುವ ಕಾಲ ಅತ್ಯಲ್ಪ. ಆಕ್ಸಿಟೋಸಿನ್ ಚುಚ್ಚುಮದ್ದು ಇದನ್ನು ತಡೆಯಲು ಮೊದಲ ಆಯ್ಕೆ. ಆದರೆ ಅದನ್ನು ತಂಪಿನಲ್ಲಿ ಕಾಪಾಡಬೇಕು, ಚುಚ್ಚಲು ತರಬೇತಿ ಪಡೆದವರು ಬೇಕು. ವಿದ್ಯುತ್ ಕೈಕೊಡುವ ಉಪಕೇಂದ್ರದಲ್ಲಿ, ಮನೆಯ ಕತ್ತಲ ಕೋಣೆಯಲ್ಲಿ ಇವೆರಡೂ ದುರ್ಲಭ.

ಹಳ್ಳಿಗಳಲ್ಲಿ ಪ್ರಯೋಗ

ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಂಶೋಧಕರೊಡಗೂಡಿ 2002ರಿಂದ 2005ರವರೆಗೆ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷೆಗೊಳಪಡಿಸಿದರು. ಮೂಲತಃ ಜಠರದ ಹುಣ್ಣಿಗೆಂದು ಬಂದ ಈ ಔಷಧಿ ಅಗ್ಗದ್ದು, ಶೀತಕಪೆಟ್ಟಿಗೆಯ ಹಂಗಿಲ್ಲ. ಒಟ್ಟು 1620 ಮಹಿಳೆಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ 600 ಮೈಕ್ರೊಗ್ರಾಂ ಮಾತ್ರೆ, ಮತ್ತೊಂದಕ್ಕೆ ಔಷಧಿಯಿಲ್ಲದ ಹುಸಿಮಾತ್ರೆ ನೀಡಲಾಯಿತು. ನೀಡಿದವರು ವೈದ್ಯರಲ್ಲ, ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರು.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ, ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿತ್ತು. ಅಂದರೆ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪಿದಂತೆ. ನಡುಕ, ಜ್ವರ ಕೆಲವರಲ್ಲಿ ಕಾಣಿಸಿಕೊಂಡರೂ ತಾತ್ಕಾಲಿಕವಾಗಿದ್ದವು. ಹುಸಿಮಾತ್ರೆ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ಸಹಜ. ಆ ಹೆರಿಗೆಗಳಲ್ಲಿ ಅಲ್ಲಿಯವರೆಗೆ ಯಾವ ಔಷಧಿಯೂ ವಾಡಿಕೆಯಲ್ಲಿರಲಿಲ್ಲ ಎಂಬುದು ಅದಕ್ಕೆ ದೊರೆಯುವ ಸಮಾಧಾನ. ಅದು ಎಲ್ಲರಿಗೂ ಒಪ್ಪಿತವಾಗಬೇಕೆಂದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ಆಕ್ಸಿಟೋಸಿನ್ ಲಭ್ಯವಿರುವ ಕಡೆ ಅದಕ್ಕೇ ಆದ್ಯತೆ. ಮಗು ಹುಟ್ಟುವ ಮೊದಲು ಈ ಪ್ರಮಾಣದ ಮಾತ್ರೆ ಅಪಾಯಕಾರಿ ಎಂಬುದನ್ನೂ ಮರೆಯುವಂತಿಲ್ಲ.

ಕಣ್ಣಳತೆಯ ಮೋಸ

ಈ ಅಧ್ಯಯನಕ್ಕೆ ಮೊದಲು ಎದುರಾದ ತೊಡಕು ಅಳತೆಯದು. ಬಟ್ಟೆಯಲ್ಲಿ ಹೀರಿಹೋದ, ನೆಲಕ್ಕೆ ಹರಿದ ರಕ್ತ ಎಷ್ಟೆಂದು ಹೇಳುವುದು ಹೇಗೆ? ಅನುಭವಿಗಳೂ ಕಡಿಮೆಯೇ ಅಂದಾಜಿಸುತ್ತಾರೆ. ಅದಕ್ಕಾಗಿ ಬೆಳಗಾವಿಯಲ್ಲಿ ರೂಪುಗೊಂಡದ್ದು ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟಿದರೆ ರಕ್ತ ಆಲಿಕೆಯಾಕಾರದ ಚೀಲಕ್ಕಿಳಿಯುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ. ಕಣ್ಣಂದಾಜಿನ ಅಳತೆ ಈ ಹಾಳೆಯದಕ್ಕಿಂತ ಶೇ 33ರಷ್ಟು ಕಡಿಮೆ ಬರುತ್ತದೆ ಎಂದು 2006ರ ಮತ್ತೊಂದು ಪ್ರಬಂಧ ತೋರಿಸಿತು.

ಅಳೆದ ಮಾತ್ರಕ್ಕೆ ಜೀವ ಉಳಿಯುತ್ತದೆಯೇ? ಯೂರೋಪಿನ 13 ದೇಶಗಳಲ್ಲಿ ಸುಮಾರು 25 ಸಾವಿರ ಹೆರಿಗೆಗಳಲ್ಲಿ ಇಂಥದೇ ಸಂಗ್ರಹ ಚೀಲವನ್ನು ಬಳಸಿ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾದಾಗ ತೀವ್ರ ರಕ್ತಸ್ರಾವದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಚೀಲವೇನೋ ತುಂಬಿತು, ಮುಂದೇನು ಮಾಡಬೇಕೆಂಬುದು ಅದರ ಜೊತೆ ಬಂದಿರಲಿಲ್ಲ ಎಂದೇ ಇದನ್ನು ಅರ್ಥೈಸಬೇಕಾಗುತ್ತದೆ.

ಆ ಕೊರತೆಯನ್ನು ತುಂಬಿದ್ದು 'ಇ-ಮೋಟಿವ್' ಅಧ್ಯಯನ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಲಾಯಿತು. ಅಳತೆಯ ಹಾಳೆ ಅಪಾಯ ಸೂಚಿಸಿದೊಡನೆ ಗರ್ಭಕೋಶದ ನೀವುವಿಕೆ, ಸಂಕೋಚನದ ಔಷಧಿ, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಗಾಯದ ತಪಾಸಣೆ ಇವೆಲ್ಲವನ್ನೂ ಒಂದರ ಫಲಕ್ಕಾಗಿ ಇನ್ನೊಂದು ಕಾಯದೆ ಒಟ್ಟಿಗೇ ಆರಂಭಿಸುವುದು ಅದರ ಕ್ರಮ. 2023ರಲ್ಲಿ ಪ್ರಕಟವಾದ ವರದಿಯಂತೆ ರಕ್ತಸ್ರಾವ ಪತ್ತೆಯಾಗುವ ಪ್ರಮಾಣ ಶೇ 51ರ ಬದಲು ಶೇ 93ಕ್ಕೇರಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಉದರ ಶಸ್ತ್ರಚಿಕಿತ್ಸೆ ಅಥವಾ ಸಾವು ಸಂಭವಿಸಿದ್ದು ಶೇ 1.6ರಷ್ಟು ಮಂದಿಗೆ ಮಾತ್ರ. ವಾಡಿಕೆಯ ಆರೈಕೆಯಲ್ಲಿ ಅದು ಶೇ 4.3 ಇತ್ತು.

ಯೋನಿಮಾರ್ಗದ ಪ್ರತಿ ಹೆರಿಗೆಯಲ್ಲೂ ರಕ್ತವನ್ನು ಅಳೆದೇ ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಶಿಫಾರಸು ಮಾಡಿತು. 2025ರ ಅಕ್ಟೋಬರಿನ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರಿದ್ದರೆ 500ಕ್ಕೆ ಕಾಯದೆ 300 ಮಿ.ಲೀ.ಗೇ ಚಿಕಿತ್ಸೆ ಆರಂಭಿಸಲು ತಿಳಿಸಿದೆ.