ಮನೆಯಲ್ಲಿರುವ ಹಳೆಯ ಬೆಳ್ಳಿ ರೂಪಾಯಿ: ಪೂರಾ ಬೆಳ್ಳಿ ಯಾವುದು, ಅರ್ಧ ಬೆಳ್ಳಿ ಯಾವುದು?

ನಮ್ಮ ಸಮಾಜದ ಬಹಳಷ್ಟು ಮನೆಗಳಲ್ಲಿ ಅಜ್ಜ ಅಜ್ಜಿಯರ ಕಾಲದ ಹತ್ತಿಪ್ಪತ್ತು ಬೆಳ್ಳಿ ರೂಪಾಯಿಗಳು ಈಗಲೂ ಇವೆ. ಮದುವೆಯಲ್ಲಿ ಬಂದವು, ದೀಪಾವಳಿ ಪೂಜೆಗೆ ಇಟ್ಟವು, ಕೆಲವು ಸರಕ್ಕೆ ಪೋಣಿಸಿದವು. ಕಷ್ಟ ಬಂದಾಗ ಅಥವಾ ಆಸ್ತಿ ಭಾಗವಾಗುವಾಗ ಅವು ಹೊರಗೆ ಬರುತ್ತವೆ. ಆಗ ಕೊಳ್ಳುವವನು ಎಲ್ಲವನ್ನೂ ಒಂದೇ ರಾಶಿ ಮಾಡಿ, "ಇವೆಲ್ಲ ಅರ್ಧ ಬೆಳ್ಳಿ" ಎಂದುಬಿಟ್ಟರೆ ಮನೆಯವರು ಒಪ್ಪಿಕೊಳ್ಳುತ್ತಾರೆ. ಅರ್ಧ ಬೆಳ್ಳಿಯ ರೂಪಾಯಿ ಇರುವುದು ನಿಜ. ಆದರೆ ಎಲ್ಲವೂ ಹಾಗಲ್ಲ.

ಮೊದಲು ಲೆಕ್ಕ ನೋಡೋಣ. 1835ರಿಂದ ಬ್ರಿಟಿಷರ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಒಂದು ತೊಲ ಎಂದರೆ ಇದೇ. ಹಿಂದೆ ತಕ್ಕಡಿಯಲ್ಲಿ ರೂಪಾಯಿಯನ್ನೇ ಬಟ್ಟಾಗಿ ಇಡುತ್ತಿದ್ದರು, 80 ರೂಪಾಯಿ ತೂಕ ಒಂದು ಪಕ್ಕಾ ಸೇರು. ಆ ನಾಣ್ಯದಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ಶೇ. 91.7. ಒಂದು ನಾಣ್ಯಕ್ಕೆ ಶುದ್ಧ ಬೆಳ್ಳಿ 10.69 ಗ್ರಾಂ ಆಯಿತು. 1940ರಿಂದ 1945ರವರೆಗಿನ ರೂಪಾಯಿಗೂ ತೂಕ ಅದೇ 11.66 ಗ್ರಾಂ, ಆದರೆ ಬೆಳ್ಳಿ ಶೇ. 50 ಮಾತ್ರ. ಉಳಿದದ್ದು ತಾಮ್ರ ಶೇ. 40, ನಿಕ್ಕಲ್ ಶೇ. 5, ಸತು ಶೇ. 5. ಅದರಲ್ಲಿ ಶುದ್ಧ ಬೆಳ್ಳಿ 5.83 ಗ್ರಾಂ. ನೂರು ನಾಣ್ಯ ಇದ್ದರೆ ಒಂದಕ್ಕೆ 1069 ಗ್ರಾಂ, ಇನ್ನೊಂದಕ್ಕೆ 583 ಗ್ರಾಂ. ಸುಮಾರು ಅರ್ಧ ಕಿಲೋ ಬೆಳ್ಳಿಯ ವ್ಯತ್ಯಾಸ! ಬರೀ ತಕ್ಕಡಿಗೆ ಹಾಕಿದರೆ ಇದು ತಿಳಿಯುವುದೇ ಇಲ್ಲ.

ಆದ್ದರಿಂದ ಮೊದಲು ಇಸವಿ ಮತ್ತು ಮುಖ ನೋಡಿ. 1835ರದ್ದರಲ್ಲಿ ನಾಲ್ಕನೆಯ ವಿಲಿಯಂ ರಾಜ. 1840ರದ್ದರಲ್ಲಿ ಕಿರೀಟವಿಲ್ಲದ ಎಳೆಯ ವಿಕ್ಟೋರಿಯಾ ರಾಣಿ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು. ಇದರಲ್ಲಿ ಎರಡು ಬಗೆ. ಒಂದರಲ್ಲಿ ರಾಣಿಯ ಹೆಸರು ತಲೆಯ ಮೇಲೆ ಬಿಡುವಿಲ್ಲದೆ ಬಳಸಿ ಬರುತ್ತದೆ, ಇನ್ನೊಂದರಲ್ಲಿ ತಲೆಯ ಎರಡು ಪಕ್ಕಕ್ಕೆ ಹಂಚಿದೆ. 1862ರಿಂದ ಕಂಪನಿಯ ಹೆಸರು ಹೋಗಿ ಇಂಡಿಯಾ ಎಂದು ಬಂತು, ರಾಣಿಗೆ ಕಿರೀಟ ಬಂತು. 1877ರಿಂದ ಕ್ವೀನ್ ಹೋಗಿ ಎಂಪ್ರೆಸ್. ಒಂದು ಮಾತು: 1840 ಎಂದಿದ್ದರೆ ಅದೇ ವರ್ಷ ಟಂಕಿಸಿದ್ದು ಎಂದು ತಿಳಿಯಬೇಡಿ. ಹಳೆಯ ಇಸವಿಯನ್ನೇ ಹಾಗೆಯೇ ಇಟ್ಟು ಅನೇಕ ವರ್ಷ ಮುದ್ರಿಸಿದರು, 1862ರದ್ದೂ ಹೀಗೆಯೇ. ಬೊಂಬಾಯಿಯ 1862ರ ನಾಣ್ಯಗಳಲ್ಲಿ ಸಣ್ಣ ಚುಕ್ಕೆಗಳ ಸಂಖ್ಯೆ ಬೇರೆ ಬೇರೆ ಇರುತ್ತದೆ, ಸಂಗ್ರಹಕಾರರು ಅದನ್ನು ಎಣಿಸಿ ಬೆಲೆ ಕಟ್ಟುತ್ತಾರೆ.

ಎಡ್ವರ್ಡ್ ರಾಜನದು 1903ರಿಂದ 1910, ಬೋಳು ತಲೆ, ಕಿರೀಟ ಹಿಂಬದಿಯಲ್ಲಿದೆ. ಐದನೆಯ ಜಾರ್ಜ್ 1911ರಿಂದ 1922. ಇದರಲ್ಲಿ 1911ರದ್ದು ಸಿಕ್ಕರೆ ಭೂತಕನ್ನಡಿ ಹಿಡಿದು ರಾಜನ ನಿಲುವಂಗಿಯನ್ನು ನೋಡಿ. ಅದರಲ್ಲಿರುವ ಆನೆಯ ಸೊಂಡಿಲು ಮೊಟಕಾಗಿ ಹಂದಿಯಂತೆ ಕಂಡಿತೆಂದು ಜನ ಆಕ್ಷೇಪಿಸಿದರು, 1912ರಲ್ಲಿ ಅಚ್ಚನ್ನೇ ತಿದ್ದಿದರು. ಇದನ್ನು ಕರಗಿಸಲು ಕೊಡಬೇಡಿ. ಆಮೇಲೆ ಆರನೆಯ ಜಾರ್ಜ್, 1938 ಮತ್ತು 1939. ಇಲ್ಲಿಯವರೆಗೆ ಎಲ್ಲವೂ ಪೂರಾ ಬೆಳ್ಳಿ. 1939ರ ರೂಪಾಯಿ ಬಹಳ ಅಪರೂಪ, ಅದಕ್ಕೇ 1938ರ ಎಂಟನ್ನು ಒಂಬತ್ತು ಮಾಡಿದ ನಕಲಿಗಳು ತಿರುಗಾಡುತ್ತಿವೆ. ಕೊನೆಯ ಅಂಕಿಯ ಸುತ್ತ ಕೆರೆದ ಗುರುತು ಇದೆಯೇ ನೋಡಿ.

ಕಷ್ಟ ಇರುವುದು ಆರನೆಯ ಜಾರ್ಜನ ನಾಣ್ಯದಲ್ಲೇ. 1938ರದ್ದೂ 1944ರದ್ದೂ ಒಂದೇ ರಾಜ, ಒಂದೇ ತೂಕ. ಇಸವಿ ಸವೆದಿದ್ದರೆ ಅಂಚು ನೋಡಿ. 1938ರದ್ದರ ಅಂಚಿನಲ್ಲಿ ನೇರ ಗೀರುಗಳು ಮಾತ್ರ. ಅರ್ಧ ಬೆಳ್ಳಿಯದರಲ್ಲಿ ಆ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆಯಂತಹ ತೋಡು, ಅದರೊಳಗೆ ಸಣ್ಣ ನಕ್ಷೆ. ಇದಕ್ಕೆ ಭದ್ರತಾ ಅಂಚು ಎಂದು ಹೆಸರು. ಬೆಳ್ಳಿ ಕಡಿಮೆ ಮಾಡಿದ ಮೇಲೆ ಖೋಟಾ ಹೆಚ್ಚಾಗಬಾರದೆಂದು ಹಾಕಿದ್ದು. ಮುಖ ಪೂರಾ ಸವೆದರೂ ತೋಡು ಉಳಿದಿರುತ್ತದೆ, ಉಗುರಿಗೂ ಸಿಗುತ್ತದೆ. ಸವೆದ ಜಾಗದಲ್ಲಿ ಅರ್ಧ ಬೆಳ್ಳಿ ಸ್ವಲ್ಪ ಹಳದಿ ಮಂಕಾಗಿ ಕಾಣುತ್ತದೆ, ಆದರೆ ಬಣ್ಣವೊಂದನ್ನೇ ನಾನು ನಂಬುವುದಿಲ್ಲ.

ಯುದ್ಧಕಾಲದಲ್ಲಿ ಜನ ಬೆಳ್ಳಿ ಬಚ್ಚಿಟ್ಟರು. ಸರ್ಕಾರ ವಿಕ್ಟೋರಿಯಾ ರೂಪಾಯಿಯನ್ನು 1941ರಲ್ಲಿ, ಎಡ್ವರ್ಡ್‌ನದನ್ನು 1942ರಲ್ಲಿ, ಜಾರ್ಜರ ಪೂರಾ ಬೆಳ್ಳಿಯದನ್ನು 1943ರಲ್ಲಿ ಚಲಾವಣೆಯಿಂದ ತೆಗೆಯಿತು. ವಾಪಸು ಕೊಡದೆ ಉಳಿಸಿಕೊಂಡವೇ ಈಗ ನಮ್ಮ ಪೆಟ್ಟಿಗೆಗಳಲ್ಲಿ ಇರುವುದು.

ಬೆಳ್ಳಿಯೇ ಅಲ್ಲದವೂ ರಾಶಿಯಲ್ಲಿ ಸೇರಿರುತ್ತವೆ. 1947ರ ಹುಲಿ ಚಿತ್ರದ ರೂಪಾಯಿ, 1946-47ರ ಎಂಟಾಣೆ ನಾಲ್ಕಾಣೆ, ಇವು ಶುದ್ಧ ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತವೆ. 1919-20ರ ಎಂಟಾಣೆ, ಅಂಚು ಬಳುಕಿದ ನಾಲ್ಕಾಣೆ, ಚೌಕದ ಎರಡಾಣೆ ತಾಮ್ರ-ನಿಕ್ಕಲ್ ಮಿಶ್ರಣ. ಇವು ಅಂಟುವುದಿಲ್ಲ, ಬೆಳ್ಳಿಯೂ ಅಂಟುವುದಿಲ್ಲ. ಹಾಗಾಗಿ ಅಯಸ್ಕಾಂತಕ್ಕೆ ಅಂಟದ್ದೆಲ್ಲ ಬೆಳ್ಳಿ ಎಂದು ಲೆಕ್ಕ ಹಾಕಬಾರದು.

ಅನುಮಾನವಿದ್ದರೆ ನೀರಿನ ಪರೀಕ್ಷೆ ಮಾಡಿ, ನಾಣ್ಯಕ್ಕೆ ಏನೂ ಆಗುವುದಿಲ್ಲ. ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಒಂದೇ ಬಗೆಯ ಹತ್ತು ರೂಪಾಯಿಗಳನ್ನು ತೆಳು ಬಲೆಯಲ್ಲಿ ಕಟ್ಟಿ, ದಾರದಿಂದ ನೀರಿನಲ್ಲಿ ಪೂರಾ ಮುಳುಗಿಸಿ ತೂಗುಬಿಡಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು, ಗುಳ್ಳೆ ಉಳಿಯಬಾರದು. ಪೂರಾ ಬೆಳ್ಳಿಯಾದರೆ ಸುಮಾರು 11.3 ಗ್ರಾಂ ತೋರಿಸುತ್ತದೆ, ಅರ್ಧ ಬೆಳ್ಳಿಗೆ 12.3ರ ಆಸುಪಾಸು, ತಾಮ್ರ-ನಿಕ್ಕಲ್ ನಕಲಿಗೆ 13ರ ಮೇಲೆ. ಸವೆದ ನಾಣ್ಯವಾದರೆ ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ: 10.3 ಬಂದರೆ ಪೂರಾ ಬೆಳ್ಳಿ, 9.5 ಬಂದರೆ ಅರ್ಧ. ಆಸಿಡ್ ಹಾಕಲು ಬಿಡಬೇಡಿ. ಹುಣಸೆಹಣ್ಣು, ವಿಭೂತಿ, ಪಾಲಿಶ್ ಯಾವುದೂ ಬೇಡ. ಉಜ್ಜಿದ ನಾಣ್ಯಕ್ಕೆ, ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಇಳಿಸುತ್ತಾರೆ.

ಕಂಪನಿಯ ಹೆಸರಿನಲ್ಲಿ ರಾಮ, ಹನುಮ, ಲಕ್ಷ್ಮಿಯ ಚಿತ್ರವಿರುವ 1616, 1717, 1818 ಎಂಬ ಇಸವಿಯ ನಾಣ್ಯಗಳನ್ನು ಕಂಪನಿ ಎಂದೂ ಹೊರಡಿಸಿಲ್ಲ. ಅಕ್ಕಿಯನ್ನು ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ಮುಂಗಡ ಕೇಳುವವರು ಮೋಸಗಾರರೇ. ಹಳೆಯ ನಾಣ್ಯ ಕೊಳ್ಳುವ ವ್ಯವಹಾರ ತನ್ನದಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ತಿಳಿಸಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ವಿದೇಶದಲ್ಲಿರುವ ಮಕ್ಕಳಿಗೆ ನೆನಪಿಗೆಂದು ಕಳಿಸುವಂತಿಲ್ಲ.

ಮಾರಲೇಬೇಕಾದರೆ ಮನೆಯಲ್ಲೇ ಮೂರು ಗುಂಪು ಮಾಡಿ ಇಡಿ: 1939ರವರೆಗಿನವು, 1940-45ರವು, ಉಳಿದವು. ಪ್ರತಿ ಗುಂಪಿನ ಎಣಿಕೆ ಮತ್ತು ತೂಕ ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಗುಂಪು ಗುಂಪಾಗಿಯೇ ತೂಗಿಸಿ ದರ ಕೇಳಿ.